ಕಂಡಕ್ಟರ್ ಫ್ಲಾಪಿ

ಆಗೆಲ್ಲ ಮಣಿಪಾಲದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಕಳಚಿ ಹೋಗಬೇಕಿತ್ತು. ಕಾಲೇಜಿನ ತಣ್ಣನೆಯ ದೊಡ್ಡ ಕೋಣೆಗೂ ಅದೇ ನಿಯಮ, ನನ್ನ ಸೆವ್ರಿನ್ ಮಾವ್ಶಿಯ ಟೈಪಿಂಗ್ ಅಂಗಡಿಯ ಪ್ಲೈವುಡ್ ಗೂಡಿಗೂ ಅದೇ ನಿಯಮ. ಧೂಳು ಹೋಗಬಾರದು ಎಂದು ಓದಿದವರು ಕಾರಣ ಕೊಡುತ್ತಿದ್ದರು. ಉಳಿದವರು ಕಾರಣ ಕೇಳುತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸರಿಯಾದ ಇಸವಿ ಹೇಳುವುದಕ್ಕೆ ನನಗೆ ಧೈರ್ಯವಿಲ್ಲ. ಆಗಿನ ನನ್ನ ಡೈರಿಯ ಮೇಲೆ ಒಂದು ಇಸವಿ ಇದೆ ನಿಜ, ಆದರೆ ಬಹರೈನಿನಲ್ಲಿದ್ದ ಅಪ್ಪ ತರುತ್ತಿದ್ದದ್ದು ಅವರ ಕಂಪೆನಿಯಲ್ಲಿ ಮಿಕ್ಕ ಹಳೆಯ ಡೈರಿಗಳನ್ನು. ವಾರಗಳನ್ನು ತಿದ್ದಿಕೊಂಡು ನಾನು ಅದರಲ್ಲಿ ಬರೆಯುತ್ತಿದ್ದೆ.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಆ್ಯಪ್ ಇದೆ. ಯಂತ್ರ ನಿಧಾನವಾದಾಗ ಮೂಲೆಯಲ್ಲಿ ಕಾಣಿಸಿಕೊಂಡು, ಮೆಮೊರಿ ಖಾಲಿ ಮಾಡಲೇ ಎಂದು ಕೇಳುತ್ತದೆ. ಒತ್ತಿದರೆ ಎರಡು ಸೆಕೆಂಡಿನ ಕೆಲಸ. ನಾನು ಒತ್ತುವ ಮೊದಲು ತೆರೆದಿಟ್ಟದ್ದನ್ನೆಲ್ಲ ಎರಡೆರಡು ಸಲ ಸೇವ್ ಮಾಡುತ್ತೇನೆ. ಕಾರ್ಕಳದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರು ಇದನ್ನು ನೋಡಿ ನಗುತ್ತಾರೆ. ಇತಿಹಾಸದ ಮೇಡಂಗೆ ಹಳೆಯದನ್ನು ಬಿಟ್ಟುಕೊಡುವುದಕ್ಕೆ ಮನಸ್ಸಿಲ್ಲ ಎನ್ನುತ್ತಾರೆ. ನಾನೂ ನಗುತ್ತೇನೆ. ಅದರ ಹಿಂದಿರುವುದು ಒಂದು ಬೇಸಿಗೆ ರಜೆಯ ಸಂಗತಿ.

ಆ ವರ್ಷ ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಅಮ್ಮ ನನ್ನನ್ನು ಮಾವ್ಶಿಯ ಅಂಗಡಿಗೆ ಕಳಿಸಲು ತೊಡಗಿದರು. ಮಾವ್ಶಿ ಅಂದರೆ ಅಮ್ಮನ ತಂಗಿ. ಇನ್ನಂಜೆಯ ನಮ್ಮ ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿದ್ದವು. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯುವುದು ನನ್ನ ಪಾಲಿನ ಕೆಲಸ. ಬಾಳೆನಾರಿನಲ್ಲಿ ಕಟ್ಟುವುದಕ್ಕೆ ಮಾತ್ರ ನನ್ನನ್ನು ಸೇರಿಸುತ್ತಿರಲಿಲ್ಲ. "ನೀನು ಕಟ್ಟಿದ್ದು ಉಡುಪಿ ಮುಟ್ಟುವಾಗ ಬರೀ ನಾರು ಉಳೀತದೆ" ಎಂದು ಅಮ್ಮ ಹೇಳುತ್ತಿದ್ದರು. ಹಾಗಾಗಿ ಎಂಟು ಗಂಟೆಗೆ ನನ್ನ ಕೆಲಸ ಮುಗಿಯುತ್ತಿತ್ತು, ಮತ್ತೆ ಇಡೀ ದಿನ ಪೇರಳೆ ಮರದ ಮೇಲೆ. "ಮರ ಮುರಿಯುವ ಬದಲು ಟೈಪಿಂಗ್ ಆದರೂ ಕಲಿ" ಎಂದು ಕಳಿಸಿಬಿಟ್ಟರು. ಮಾವ್ಶಿಗೆಂದು ಕಟ್ಟಿದ ಮಲ್ಲಿಗೆಯ ಒಂದು ಚೆಂಡನ್ನು ಬಾಳೆಲೆಯಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದರು.

ಇನ್ನಂಜೆಯಿಂದ ಕಟಪಾಡಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಆ ಎರಡನೆಯ ಬಸ್ಸು ಕಾಪುವಿನಿಂದ ಬರುತ್ತಿತ್ತು, ಅದರಲ್ಲಿ ಕಿಟಕಿ ಪಕ್ಕ ವಾರಿಜಕ್ಕ ಕೂತಿರುತ್ತಿದ್ದರು. ಅವರು ಮಾವ್ಶಿಯ ಅಂಗಡಿಯ ಟೈಪಿಸ್ಟ್. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಕಾಪುವಿನ ಮೊಗವೀರ ಮನೆಯವರು, ತಾಯಿ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಕೆಲವು ವರ್ಷ ಮುಂಬಯಿಯಲ್ಲಿ ಅಣ್ಣನ ಮನೆಯಲ್ಲಿದ್ದು ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿ ಬಂದಿದ್ದರು. ಪಕ್ಕದ ಸೀಟಿನಲ್ಲಿ ಟಿಫಿನ್ ಡಬ್ಬಿ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ಬಸ್ಸಿನ ಹಿಂದಿನ ಬಾಗಿಲ ಬಳಿ ಬುಟ್ಟಿ ಇಟ್ಟುಕೊಂಡು ಮೀನಿನ ಹೆಂಗಸರು ನಿಂತಿರುತ್ತಿದ್ದರು. ಅವರಿಗೆಲ್ಲ ವಾರಿಜಕ್ಕನ ಗುರುತು.

"ವಾರಿಜಾ, ನಿನ್ನ ಕಂಪ್ಯೂಟರ್ ಇವತ್ತು ಬಂಗುಡೆಗೆ ಎಷ್ಟು ರೇಟು ಹೇಳ್ತದೆ?"

"ನೀವು ಹೇಳುವ ರೇಟು ಕೇಳಿದ್ರೆ ಅದಕ್ಕೂ ಜ್ವರ ಬರ್ತದೆ ದೊಡ್ಡಮ್ಮ."

"ಜ್ವರ ಬಂದ್ರೆ ತೊಂದರೆ ಎಂತ? ಮಣಿಪಾಲದಲ್ಲೇ ಉಂಟಲ್ಲ ಆಸ್ಪತ್ರೆ!"

ಇಡೀ ಬಸ್ಸು ನಗುತ್ತಿತ್ತು. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿರುವುದರಿಂದ ಒಂದೆರಡು ಶಬ್ದ ನನ್ನವೂ ಸೇರಿಕೊಂಡಿರಬಹುದು. ನಗು ಮಾತ್ರ ಇದ್ದದ್ದೇ.

ಅಂಗಡಿ ಒಂದು ಕ್ಯಾಂಟೀನಿನ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಗೋಳಿಬಜೆ ಕರಿಯುವ ಎಣ್ಣೆಯ ವಾಸನೆ, ಬಾಗಿಲು ತೆರೆದರೆ ಕಾರ್ಬನ್ ಪೇಪರಿನದು, ಒಳಗೆ ಹೋದರೆ ಸ್ಟೆನ್ಸಿಲ್ ತಿದ್ದುವ ಕೆಂಪು ದ್ರವದ ಅಮಲು ವಾಸನೆ. ವಾಸನೆಯ ನೆನಪು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ನಾನು ನಂಬುವುದಿಲ್ಲ, ಆದರೂ ಬರೆದಿದ್ದೇನೆ. ನಾಲ್ಕು ಟೈಪ್‌ರೈಟರುಗಳಿದ್ದವು. ಮೆಡಿಕಲ್ ಓದುವವರ ಥೀಸಿಸ್, ಇಂಜಿನಿಯರಿಂಗ್ ಹುಡುಗರ ರಿಪೋರ್ಟು, ಕೊಲ್ಲಿಗೆ ಹೋಗುವವರ ಅರ್ಜಿ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಹಿಂದಿನ ವರ್ಷ ಮಸ್ಕತ್ತಿನಿಂದ ಬಂದ ನನ್ನ ಸೋದರಮಾವ ಒಂದು ಕಂಪ್ಯೂಟರ್ ತಂದು ಕೊಟ್ಟಿದ್ದರು. ಅದಕ್ಕಾಗಿ ಮಾವ್ಶಿ ಮೂಲೆಯಲ್ಲಿ ಪ್ಲೈವುಡ್ಡಿನ ಗೂಡು ಕಟ್ಟಿಸಿ, ಒಂದು ಗಾಜು ಕೂರಿಸಿ, ಒಳಗೆ ಟೇಬಲ್ ಫ್ಯಾನ್ ಇಟ್ಟಿದ್ದರು. ಚಪ್ಪಲಿ ಹೊರಗೆ. ತಲೆಯ ಮಲ್ಲಿಗೆಯೂ ಹೊರಗೆ, ಏಕೆಂದರೆ ಹೂವಿಗೆ ನೀರು ಚಿಮುಕಿಸಿರುತ್ತದಲ್ಲ. ಗೂಡಿನ ಬಾಗಿಲಿಗೆ ಒಂದು ಮೊಳೆ ಇತ್ತು; ವಾರಿಜಕ್ಕ ಮುಡಿಯಿಂದ ಮಾಲೆ ತೆಗೆದು ಅದಕ್ಕೆ ತೂಗುಹಾಕಿ ಒಳಗೆ ಹೋಗುತ್ತಿದ್ದರು.

ಮಾವ್ಶಿಗೆ ಮದುವೆಯಾಗಿರಲಿಲ್ಲ. ಇಪ್ಪತ್ತು ವರ್ಷ ಟೈಪಿಂಗಿನಲ್ಲೇ ಕಳೆದವರು, ಅವರ ಕಾನೂನುಗಳೆಲ್ಲ ಅಲ್ಲಿಂದಲೇ ಬಂದವು. ಒಂದು ಕಾರ್ಬನ್ ಪೇಪರನ್ನು ಎಂಟು ಸಲ ಬಳಸಬೇಕು, ಮತ್ತೆ ತಲೆಕೆಳಗು ಮಾಡಿ ಇನ್ನು ನಾಲ್ಕು ಸಲ. ಬಳಸಿದಷ್ಟೂ ಮಸಿ ಮಸುಕಾಗುತ್ತದೆ, ಹಾಗಾಗಿ ಅನಗತ್ಯವಾಗಿ ಒಂದು ಅಕ್ಷರವೂ ಬೀಳಬಾರದು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಉಳಿಸುವ ಫ್ಲಾಪಿ ತಟ್ಟೆಯನ್ನೂ ಅವರು ಹಾಗೆಯೇ ತಿಳಿದುಕೊಂಡಿದ್ದರು. ಪ್ರತಿ ಸಲ ಸೇವ್ ಮಾಡಿದಾಗ ಡ್ರೈವ್ ಒಳಗೆ ಕರಕರ ಎಂದು ಶಬ್ದ ಬರುತ್ತಿತ್ತು. ಅದು ಫ್ಲಾಪಿ ಸವೆಯುವ ಶಬ್ದ ಎಂಬುದು ಅವರ ನಂಬಿಕೆ.

"ಅಧ್ಯಾಯ ಮುಗಿದ ಮೇಲೆ ಒಂದೇ ಸಲ ಸೇವ್ ಮಾಡು. ಗಳಿಗೆಗೊಮ್ಮೆ ಒತ್ತಿದ್ರೆ ಎಷ್ಟು ದಿವಸ ಬಾಳ್ತದೆ ಅದು?"

"ಬಾಯಮ್ಮ, ಆ ಪುಸ್ತಕದಲ್ಲಿ ಆಗಾಗ ಸೇವ್ ಮಾಡಿ ಅಂತ ಉಂಟು" ಎಂದು ವಾರಿಜಕ್ಕ ಒಮ್ಮೆ ಹೇಳಿದ್ದರು. ಮಾವ್ಶಿಯನ್ನು ಅವರು ಬಾಯಮ್ಮ ಎಂದೇ ಕರೆಯುತ್ತಿದ್ದರು.

"ಫ್ಲಾಪಿ ಮಾರುವವರು ಬರೆದ ಪುಸ್ತಕ ಅದು. ಮತ್ತೆಂತ ಬರೀತಾರೆ?"

ಮಾವ್ಶಿಯ ಇನ್ನೊಂದು ಕಾನೂನು ಹನ್ನೆರಡು ಗಂಟೆಗೆ ನಾವು ಕೆಥೊಲಿಕರು ಹೇಳುವ ಆಂಜೆಲ್ ಪ್ರಾರ್ಥನೆ. ಗೋಡೆ ಗಡಿಯಾರ ಹೊಡೆಯಲು ತೊಡಗಿದ ಕೂಡಲೇ ಎಲ್ಲರ ಕೈ ನಿಲ್ಲಬೇಕು. ಸಾಲು ಮುಗಿಸಿ ಏಳುತ್ತೇನೆ ಎನ್ನುವಂತಿಲ್ಲ. ಮಾವ್ಶಿ ಎದ್ದು ನಿಂತು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದರು, ನಾನು ಉತ್ತರ ಕೊಡುತ್ತಿದ್ದೆ, ವಾರಿಜಕ್ಕ ಕೈ ಕಟ್ಟಿ ತಲೆ ಬಗ್ಗಿಸಿ ನಿಂತಿರುತ್ತಿದ್ದರು. ಗಿರಾಕಿಗಳಿದ್ದರೆ ಅವರೂ ಏಳುತ್ತಿದ್ದರು. ಪ್ರಾರ್ಥನೆ ಮುಗಿದರೆ ಊಟದ ಹೊತ್ತು. ಮಾವ್ಶಿ ಹಿಂದಿನ ಓಣಿಯ ಮನೆಗೆ ಹೋಗಿ ಉಂಡು ಸ್ವಲ್ಪ ಅಡ್ಡಾಗಿ ಬರುತ್ತಿದ್ದರು. ವಾರಿಜಕ್ಕ ಕೆಳಗಿನ ಟೈಲರಿಂಗ್ ಅಂಗಡಿಯ ಹೆಂಗಸರ ಜೊತೆ ಹಿಂದಿನ ಜಗಲಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಕಂಪ್ಯೂಟರ್ ಮಾತ್ರ ಹಾಗೆಯೇ ಉರಿಯುತ್ತಿರುತ್ತಿತ್ತು.

ಇನ್ನು ಈ ಕಥೆಗೆ ಸಕ್ಸೇನ ಬರಬೇಕು. ಆತ ಲಕ್ನೋ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿ, ರಿಪೋರ್ಟ್ ಟೈಪ್ ಮಾಡಿಸಲು ಬಂದವನು ಅಂಗಡಿಗೆ ಅಂಟಿಕೊಂಡುಬಿಟ್ಟಿದ್ದ. ವಾರಿಜಕ್ಕನಿಗೆ ಮುಂಬಯಿಯ ಹಿಂದಿ ಬರುತ್ತಿದ್ದುದು ಒಂದು ಕಾರಣ, ಕೆಳಗಿನ ಗೋಳಿಬಜೆ ಇನ್ನೊಂದು. ಅವನ ಕನ್ನಡವೆಲ್ಲ ಸಿಟಿ ಬಸ್ಸಿನ ಕಂಡಕ್ಟರುಗಳಿಂದ ಕಲಿತದ್ದು. ಅಂಗಡಿಗೆ ಬಂದ ಕೂಡಲೇ, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಉಂಟು!" ಎಂದು ಕೂಗುತ್ತಿದ್ದ. ಮಾವ್ಶಿಯಂಥ ಮಾವ್ಶಿಯೂ ಬಾಯಿಗೆ ಸೆರಗು ಹಿಡಿಯುತ್ತಿದ್ದರು.

ಕಂಪ್ಯೂಟರಿನ ಮೆಮೊರಿ ಎಂದರೆ ಏನೆಂದು ಅವನು ನನಗೆ ವಿವರಿಸಿದ್ದು ಅದೇ ಕನ್ನಡದಲ್ಲಿ, ಬಸ್ಸಿನ ಲೆಕ್ಕದಲ್ಲೇ. ಅದು ಆರುನೂರ ನಲವತ್ತು ಸೀಟಿನ ಬಸ್ಸಂತೆ. ಬೆಳಿಗ್ಗೆ ಯಂತ್ರ ಶುರು ಮಾಡಿದಾಗಲೇ ಕೆಲವರು ಹತ್ತಿ ಮುಂದಿನ ಸೀಟು ಹಿಡಿಯುತ್ತಾರೆ: ಮೂಲೆಯಲ್ಲಿ ಗಂಟೆ ತೋರಿಸುವ ಪ್ರೋಗ್ರಾಂ, ಲೆಕ್ಕ ಮಾಡುವ ಪ್ರೋಗ್ರಾಂ, ಪ್ರಿಂಟರ್ ನೋಡಿಕೊಳ್ಳುವ ಪ್ರೋಗ್ರಾಂ. ಅವರು ಸ್ಟಾಪು ಬಂದರೂ ಇಳಿಯುವುದಿಲ್ಲ. ಹಿಂದಿನಿಂದ ದೊಡ್ಡ ಸಂಸಾರವೊಂದು ಹತ್ತಲು ಬಂದರೆ ಜಾಗ ಸಾಲುವುದಿಲ್ಲ. ಆಗ ಯಂತ್ರ ‘ಮೆಮೊರಿ ಸಾಲದು’ ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಡುತ್ತದೆ. ವಾರಿಜಕ್ಕನಿಗೆ ಉದ್ದದ ಕೋಷ್ಟಕ ಮಾಡುವಾಗ ಹೀಗಾಗುತ್ತಿತ್ತು. ಅದಕ್ಕೆ ಸಕ್ಸೇನ ಒಂದು ಫ್ಲಾಪಿ ತಂದುಕೊಟ್ಟ. ಅದರಲ್ಲಿದ್ದ ಸಣ್ಣ ಪ್ರೋಗ್ರಾಮನ್ನು ಓಡಿಸಿದರೆ ಕೂತವರನ್ನೆಲ್ಲ ಇಳಿಸಿ ಬಸ್ಸು ಖಾಲಿ ಮಾಡುತ್ತದೆ. ಅದರ ಇಂಗ್ಲಿಷ್ ಹೆಸರನ್ನು ಯಾರೂ ಬಳಸಲಿಲ್ಲ. ವಾರಿಜಕ್ಕ ಲೇಬಲಿನ ಮೇಲೆ ಪೆನ್ಸಿಲಿನಲ್ಲಿ ‘ಕಂಡಕ್ಟರ್’ ಎಂದು ಬರೆದರು.

"ಆದರೆ ಈ ಕಂಡಕ್ಟರ್ ಯಾರ ಮುಖವನ್ನೂ ನೋಡುವುದಿಲ್ಲ. ಕರೆಯುವ ಮೊದಲು ಬರೆದದ್ದನ್ನು ಸೇವ್ ಮಾಡಿ, ಬರೆಯುವ ಪ್ರೋಗ್ರಾಂನಿಂದ ಪೂರ್ತಿ ಹೊರಗೆ ಬನ್ನಿ" ಎಂದು ಸಕ್ಸೇನ ವಾರಿಜಕ್ಕನಿಗೆ ಹಿಂದಿಯಲ್ಲಿ ಹೇಳಿದ. ಆಗ ನಾನು ಅಲ್ಲಿದ್ದೆನೆ? ಅವನ ದನಿ, ಬೆರಳೆತ್ತಿ ಹೇಳಿದ ರೀತಿ, ಎಲ್ಲ ನನಗೆ ಕೇಳಿಸುತ್ತದೆ, ಕಾಣಿಸುತ್ತದೆ. ಆದರೆ ಆಗ ನನಗೆ ಅಷ್ಟು ಹಿಂದಿ ಬರುತ್ತಿರಲಿಲ್ಲ. ವಾರಿಜಕ್ಕ ಆಮೇಲೆ ನನಗೆ ಹೇಳಿದ್ದನ್ನೇ ಅವನ ಬಾಯಿಗೆ ಹಾಕಿದ್ದೇನೆಯೋ, ಅಥವಾ ಎಷ್ಟೋ ವರ್ಷ ಕಳೆದು ಯಂತ್ರದ ವಿಷಯ ತಿಳಿದ ಮೇಲೆ ನಾನೇ ಈ ಮಾತನ್ನು ಕಟ್ಟಿಕೊಂಡೆನೋ ಗೊತ್ತಿಲ್ಲ. ಎಚ್ಚರಿಕೆ ಕೇಳಿಯೂ ಮಾಡಿದೆ ಎಂದಾದರೆ ತಪ್ಪು ಒಂದು ಬಗೆಯದು, ಕೇಳದೆ ಮಾಡಿದೆ ಎಂದಾದರೆ ಇನ್ನೊಂದು ಬಗೆಯದು. ಅದನ್ನು ತೀರ್ಮಾನ ಮಾಡಲು ನನಗೆ ಇಂದಿಗೂ ಆಗಿಲ್ಲ.

ಅದೇ ವಾರ ಅಂಗಡಿಯಲ್ಲಿ ಒಂದು ದೊಡ್ಡ ಕೆಲಸ ನಡೆಯುತ್ತಿತ್ತು. ಮಕ್ಕಳ ವಿಭಾಗದ ಒಬ್ಬ ಡಾಕ್ಟರ್ ತನ್ನ ಥೀಸಿಸನ್ನು ಕಂಪ್ಯೂಟರಿನಲ್ಲೇ ಮಾಡಿಸಬೇಕೆಂದು ಬಂದಿದ್ದರು. ಶನಿವಾರ ಸಲ್ಲಿಸಬೇಕು. ಮಾವ್ಶಿ ಅದನ್ನು ವಾರಿಜಕ್ಕನ ಕೈಗೆ ಕೊಟ್ಟು, "ಇದೊಂದು ಸರಿಯಾಗಿ ಮುಗಿಸು. ಜೂನಿನಿಂದ ಆ ಕುರ್ಚಿ ನಿಂದೇ" ಎಂದಿದ್ದರು. ಇಲ್ಲವಾದರೆ ಉಡುಪಿಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ ಒಬ್ಬ ಹುಡುಗಿಯನ್ನು ತರುವುದೆಂದು ಅವರ ಯೋಚನೆ. ವಾರಿಜಕ್ಕ ಇದನ್ನು ಬಸ್ಸಿನಲ್ಲಿ ನನಗೆ ಹೇಳಿದರು.

"ಕೋರ್ಸ್ ಮಾಡಿದವಳಿಗೆ ಸರ್ಟಿಫಿಕೇಟ್ ಉಂಟು. ನಂಗೆ ಎಂತ ಉಂಟು? ಈ ಹತ್ತು ಬೆರಳು. ನೋಡುವ ಮಾರಾಯ್ತಿ" ಎಂದು ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳುಗಳನ್ನು ಓಡಿಸಿದರು. ಶಬ್ದವೇ ಆಗಲಿಲ್ಲ. ಕಂಪ್ಯೂಟರಿನ ಕೀಲಿಗಳಿಗೆ ಗುದ್ದುವುದು ಬೇಡ, ಮುಟ್ಟಿದರೆ ಸಾಕು ಎಂಬುದು ಅವರಿಗೆ ಬಹಳ ಹಿಡಿಸಿತ್ತು. ಟೈಪ್‌ರೈಟರಿನಿಂದ ಎದ್ದ ಸಂಜೆ ಕಿರುಬೆರಳು ನೋಯುತ್ತದೆ, ಇದರಲ್ಲಿ ನೋಯುವುದಿಲ್ಲ ಎನ್ನುತ್ತಿದ್ದರು.

ಆ ವಾರದ ಒಂದು ಸಂಜೆ ಸಕ್ಸೇನ ನನಗೆ ಇನ್ನೊಂದು ಫ್ಲಾಪಿ ಕೊಟ್ಟ. ಅದರಲ್ಲಿ ಒಂದು ಆಟ. ಮೇಲಿನಿಂದ ಅಕ್ಷರಗಳು ಬೀಳುತ್ತವೆ, ನೆಲ ಮುಟ್ಟುವ ಮೊದಲು ಅದೇ ಅಕ್ಷರದ ಕೀಲಿ ಒತ್ತಬೇಕು. ಟೈಪಿಂಗ್ ಕಲಿಯಲು ಒಳ್ಳೆಯದೆಂದು ಕೊಟ್ಟನಂತೆ. ಮಾವ್ಶಿ ಹೋದ ಮೇಲೆ ಹಾಕಿ ನೋಡಿದೆವು, ಓಡಲಿಲ್ಲ; ಮೆಮೊರಿ ಸಾಲದು ಎಂದಿತು. "ನಾಳೆ ನೋಡುವ ಮಗಾ, ಕಂಡಕ್ಟರನ್ನು ಕರೆದು" ಎಂದು ವಾರಿಜಕ್ಕ ನನ್ನನ್ನೂ ಕರೆದುಕೊಂಡು ಬಸ್ಸಿಗೆ ಹೊರಟರು. ನನಗೆ ಆ ರಾತ್ರಿಯೆಲ್ಲ ಬೀಳುವ ಅಕ್ಷರಗಳದೇ ಧ್ಯಾನ.

ಮರುದಿನ ಬೆಳಗಿನಿಂದ ವಾರಿಜಕ್ಕ ಥೀಸಿಸಿನ ನಾಲ್ಕನೆಯ ಅಧ್ಯಾಯ ಹೊಡೆಯುತ್ತಿದ್ದರು. ಹೆಚ್ಚು ಕೋಷ್ಟಕಗಳೇ. ಹನ್ನೊಂದು ಗಂಟೆಗೆ ಗೂಡಿನಿಂದ ತಲೆ ಹೊರಹಾಕಿ, "ಬಾಯಮ್ಮ, ಒಂದ್ಸಲ ಸೇವ್ ಮಾಡ್ಲಾ?" ಎಂದು ಕೇಳಿದರು.

"ಅಧ್ಯಾಯ ಮುಗಿಯಿತಾ?"

"ಇನ್ನೆರಡು ಪುಟ."

"ಮತ್ತೆ? ಮುಗಿಸಿಯೇ ಮಾಡು."

ಆ ಎರಡು ಪುಟ ಮುಗಿಯುವ ಮೊದಲೇ ಗಡಿಯಾರ ಹನ್ನೆರಡು ಹೊಡೆಯಿತು. ವಾರಿಜಕ್ಕ ಕೋಷ್ಟಕದ ಮಧ್ಯದಲ್ಲಿ ಗಡಿಬಿಡಿಯಿಂದ ಎದ್ದರು. ಪ್ರಾರ್ಥನೆಯಾಯಿತು. ಎಲ್ಲರೂ ಊಟಕ್ಕೆ ಹೋದರು. ನಾನು ಮಾವ್ಶಿಯ ಮನೆಯಲ್ಲಿ ಬಂಗುಡೆ ಸಾರು ಕಲಸಿ ನುಂಗಿ, ಟೈಪಿಂಗ್ ಅಭ್ಯಾಸ ಮಾಡುತ್ತೇನೆಂದು ಓಡಿಬಂದೆ.

ಗೂಡಿನೊಳಗೆ ಹೋಗುವಾಗ ಚಪ್ಪಲಿ ಬಿಟ್ಟೆ. ಪರದೆಯ ಮೇಲೆ ಹಸಿರು ಅಕ್ಷರಗಳು, ಅರ್ಧ ತುಂಬಿದ ಕೋಷ್ಟಕ. ಬರೆಯುವ ಪ್ರೋಗ್ರಾಮನ್ನು ಮುಚ್ಚದೆಯೇ ಮತ್ತೊಂದನ್ನು ಓಡಿಸಲು ಒಂದು ದಾರಿ ಇತ್ತು. ವಾರಿಜಕ್ಕ ಫೈಲುಗಳ ಪಟ್ಟಿ ನೋಡಲು ಅದನ್ನು ಬಳಸುವುದನ್ನು ನೋಡಿದ್ದೆ. ಬಲಗಡೆಯ ಡ್ರೈವಿನ ಫ್ಲಾಪಿ ಥೀಸಿಸಿನದು, ಅದನ್ನು ಮುಟ್ಟಲಿಲ್ಲ. ನಾನು ಬಹಳ ಜಾಗ್ರತೆಯಿಂದ ಇದ್ದೇನೆಂದು ನನಗನಿಸಿತ್ತು. ಎಡಗಡೆಯದನ್ನು ತೆಗೆದು ಆಟದ ಫ್ಲಾಪಿ ಹಾಕಿದೆ. ಮೆಮೊರಿ ಸಾಲದು. ಅದನ್ನು ತೆಗೆದು ಕಂಡಕ್ಟರ್ ಹಾಕಿದೆ, ಓಡಿಸಿದೆ. ಪರದೆ ಒಮ್ಮೆ ಕಪ್ಪಾಯಿತು. ಇಷ್ಟು ಜಾಗ ಖಾಲಿಯಾಗಿದೆ ಎಂದು ಒಂದು ದೊಡ್ಡ ಸಂಖ್ಯೆ ಬಂತು. ನನಗೆ ಖುಷಿಯಾಯಿತು. ಮತ್ತೆ ಆಟದ ಫ್ಲಾಪಿ ಹಾಕಿದೆ, ಅಕ್ಷರಗಳು ಬೀಳತೊಡಗಿದವು. ಎಷ್ಟು ಹೊತ್ತು ಆಡಿದೆನೋ! ಕೆಳಗೆ ಟೈಲರಿಂಗ್ ಅಂಗಡಿಯ ಹೆಂಗಸರ ನಗು ಕೇಳುತ್ತಿತ್ತು, ಅದು ನಿಂತಾಗ ಎಚ್ಚರವಾಯಿತು. ಆಟ ಮುಚ್ಚಿ ಹಳೆಯ ಫ್ಲಾಪಿಯನ್ನು ಮೊದಲಿನಂತೆ ಹಾಕಿದೆ. ಆಟದ ಹಿಂದೆ ವಾರಿಜಕ್ಕನ ಕೋಷ್ಟಕ ಕಾದು ಕೂತಿರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಎ ಎಂಬ ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಬಾಣದ ತುದಿಯಂಥ ಗುರುತು, ಮಿನುಗುವ ಒಂದು ಗೆರೆ. ಅಷ್ಟೇ. ಕಂಡಕ್ಟರ್ ಕೋಷ್ಟಕವನ್ನೂ ಇಳಿಸಿಬಿಟ್ಟಿದ್ದ. ಆಟದ್ದು, ಕಂಡಕ್ಟರಿನದು, ಎರಡೂ ಫ್ಲಾಪಿಗಳನ್ನು ಅವುಗಳ ಕಾಗದದ ಚೀಲಕ್ಕೆ ಸೇರಿಸಿ, ಡಬ್ಬಿಯಲ್ಲಿಟ್ಟು, ಹೊರಗೆ ಬಂದು ಟೈಪ್‌ರೈಟರಿನ ಮುಂದೆ ಕೂತು ಎ ಎಸ್ ಡಿ ಎಫ್ ಹೊಡೆಯತೊಡಗಿದೆ.

ವಾರಿಜಕ್ಕ ಕೈ ಒರೆಸಿಕೊಳ್ಳುತ್ತ ಬಂದು ಒಳಗೆ ಹೋದರು. ಕೀಲಿಗಳ ಶಬ್ದ ಕೇಳಿತು, ಮತ್ತೆ ಡ್ರೈವಿನ ಕರಕರ.

"ಐರಿನ್, ನೀನು ಒಳಗೆ ಬಂದಿದ್ಯಾ ಮಗಾ?"

"ಇಲ್ಲ."

"ಎಂತಾದ್ರೂ ಮುಟ್ಟಿದ್ಯಾ? ಬಯ್ಯುದಿಲ್ಲ. ಗೊತ್ತಾದ್ರೆ ಸಕ್ಸೇನನಿಗೆ ಕೇಳ್ಬಹುದು ಅಂತ."

"ಇಲ್ಲ ವಾರಿಜಕ್ಕ. ನಾನು ಈಗಷ್ಟೇ ಬಂದದ್ದು."

ಅವರು ಅದನ್ನು ನಂಬಿದರು. ಮುಖ ನೋಡಿದರೆ ತಿಳಿಯುತ್ತಿತ್ತು. ಮಾವ್ಶಿ ಬಂದರು, ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಬಗ್ಗಿದರು.

"ಎಷ್ಟು ಪುಟ?"

"ಹನ್ನೊಂದು."

"ಎಲ್ಲಾ ಹೋಯಿತಾ?"

ವಾರಿಜಕ್ಕ ಹೌದೆಂದು ತಲೆ ಆಡಿಸಿದರು. ಹನ್ನೊಂದು ಗಂಟೆಗೆ ಸೇವ್ ಮಾಡಲೇ ಎಂದು ಕೇಳಿದ್ದನ್ನು ಅವರು ಎತ್ತಲಿಲ್ಲ. ಮಾವ್ಶಿಯೂ ಎತ್ತಲಿಲ್ಲ. ಬಹುಶಃ ಎತ್ತಬಾರದೆಂದೇ ಮಾವ್ಶಿ ಅಷ್ಟು ಬೇಗ ಕಾರಣ ಹುಡುಕಿದರು.

"ಗಂಟೆ ಹೊಡೆದಾಗ ಗಡಿಬಿಡಿಯಲ್ಲಿ ಎದ್ದಿ ನೀನು. ನಾನು ನೋಡಿದ್ದೇನೆ. ಏಳುವಾಗ ಕೈ ತಾಗಿರ್ಬೇಕು."

"ತಾಗಿತ್ತಾ ಬಾಯಮ್ಮ?"

"ತಾಗದೆ ಹೋಗ್ತದಾ ಮತ್ತೆ? ಭೂತ ಬಂದು ಒತ್ತಿತಾ?"

"ಗೊತ್ತಿಲ್ಲ ಬಾಯಮ್ಮ... ಇರ್ಬಹುದು."

ನಾನು ಎ ಎಸ್ ಡಿ ಎಫ್ ಹೊಡೆಯುತ್ತಲೇ ಇದ್ದೆ. ಮಾವ್ಶಿ ಕೈಬರಹದ ಹಾಳೆಗಳನ್ನು ಎರಡು ಪಾಲು ಮಾಡಿ, ಒಂದನ್ನು ವಾರಿಜಕ್ಕನಿಗೆ ಕೊಟ್ಟು, ಇನ್ನೊಂದನ್ನು ತಾವು ತೆಗೆದುಕೊಂಡರು. ಇಬ್ಬರೂ ಟೈಪ್‌ರೈಟರುಗಳ ಮುಂದೆ ಕೂತರು. ಸಂಜೆಯ ಬಸ್ಸಿನೊಳಗೆ ಹನ್ನೊಂದು ಪುಟವೂ ಮುಗಿಯಿತು. ಥೀಸಿಸ್ ಶನಿವಾರ ಸಲ್ಲಿಕೆಯಾಯಿತು. ಒಂದು ಅಧ್ಯಾಯದ ಅಕ್ಷರ ಬೇರೆ ಇದೆಯೆಂದು ಡಾಕ್ಟರಿಗೆ ಅಸಮಾಧಾನ ಇತ್ತು, ಅಷ್ಟೇ. ಯಾರಿಗೂ ದೊಡ್ಡ ನಷ್ಟವಾಗಲಿಲ್ಲ ಎನ್ನಬಹುದಿತ್ತು.

ಆದರೆ ಸೋಮವಾರ ಮಾವ್ಶಿ ಗೂಡಿಗೆ ಬೀಗ ಹಾಕಿದ್ದರು. ಜಗಳವಿಲ್ಲ, ಬೈಗಳವಿಲ್ಲ. "ನೀನು ಇಲ್ಲೇ ಕೂತ್ಕೋ ವಾರಿಜಾ. ಟೈಪ್‌ರೈಟರಲ್ಲಿ ನಿನ್ನ ಕೈಗೆ ಸಮ ಯಾರೂ ಇಲ್ಲ" ಎಂದರು. ಹೊಗಳಿಕೆಯ ಹಾಗೆಯೇ ಇತ್ತು. ಜೂನಿನಲ್ಲಿ ಉಡುಪಿಯಿಂದ ಆ ಹುಡುಗಿ ಬಂದಳು. ಅವಳಿಗೆ ಮಾವ್ಶಿ ಮೊದಲ ದಿನವೇ ಹೇಳಿದ್ದು, ಪ್ರತಿ ಪುಟಕ್ಕೂ ಸೇವ್ ಮಾಡು ಎಂದು. ಇದನ್ನು ಮಾವ್ಶಿಯೇ ಅಮ್ಮನಿಗೆ ಹೇಳಿದ್ದು. ಆ ಹೊತ್ತಿಗೆ ನನಗೆ ಶಾಲೆ ಶುರುವಾಗಿತ್ತು. ಮಳೆಗಾಲ ಮುಗಿಯುವ ಮೊದಲೇ ವಾರಿಜಕ್ಕ ಕೆಲಸ ಬಿಟ್ಟು ಮುಂಬಯಿಗೆ ಹೋದರೆಂದು ಗೊತ್ತಾಯಿತು.

ಗೂಡಿಗೆ ಬೀಗ ಬಿದ್ದಾಗ ರಜೆ ಮುಗಿಯಲು ಇನ್ನೂ ಮೂರು ವಾರವಿತ್ತು. ಅಷ್ಟು ದಿನವೂ ವಾರಿಜಕ್ಕ ಟಿಫಿನ್ ಡಬ್ಬಿ ಇಟ್ಟು ನನಗೆ ಜಾಗ ಹಿಡಿದರು. ಹೇಳಲು ದಿನಕ್ಕೆರಡು ಬಸ್ಸು ಪ್ರಯಾಣ ಸಿಗುತ್ತಿತ್ತು. ನಾನು ಹೇಳಲಿಲ್ಲ. ಮಾವ್ಶಿಯ ಹೆದರಿಕೆಯೇ ಎಂದರೆ ಇರಬಹುದು. ಆದರೆ ವಾರಿಜಕ್ಕ ನನ್ನ ಮಾತನ್ನು ನಂಬಿದ್ದರಲ್ಲ, ಅದನ್ನು ಒಡೆಯುವುದಕ್ಕೆ ಹೆಚ್ಚು ಹೆದರಿದೆ ಎಂದು ಈಗ ಅನಿಸುತ್ತದೆ. ಈಗ ಅನಿಸುವುದು ಆಗಿನದಕ್ಕೆ ಸಾಕ್ಷಿಯಲ್ಲ.

ಸಾಕ್ಷಿ ಎಂದು ಇರುವುದು ಡೈರಿ. ಎಂ.ಎ. ಓದುವಾಗ, ಒಂದೇ ಆಧಾರವನ್ನು ನಂಬಬೇಡಿ, ಎರಡನೆಯದನ್ನು ಹುಡುಕಿ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಒಮ್ಮೆ ಊರಿಗೆ ಬಂದಾಗ ಹಳೆಯ ಡೈರಿ ತೆಗೆದು ಆ ದಿನದ ಪುಟ ಓದಿದೆ. "ಇವತ್ತು ಕರೆಂಟು ಹೋಗಿ ವಾರಿಜಕ್ಕನ ಕೆಲಸ ಎಲ್ಲಾ ಹೋಯಿತು. ಮಧ್ಯಾಹ್ನ ಬಂಗುಡೆ" ಎಂದಿತ್ತು. ಯಾರಿಗೂ ತೋರಿಸದ ಪುಸ್ತಕದಲ್ಲಿ, ನನ್ನದೇ ಕೈಬರಹದಲ್ಲಿ. ಅದನ್ನು ಓದಿದ ಮೇಲೆ ಕೆಲವು ಕಾಲ ಟೇಬಲ್ ಫ್ಯಾನ್ ನಿಧಾನವಾಗಿ ನಿಂತದ್ದೂ ನನಗೆ ನೆನಪಾಗತೊಡಗಿತ್ತು. ಹಿಂದಿನ ದಿನದ ಪುಟದಲ್ಲಿ ಆಟದ ಫ್ಲಾಪಿಯ ವಿಷಯ ಸಂಭ್ರಮದಿಂದ ಬರೆದಿದ್ದೇನೆ. ಆಮೇಲೆ ರಜೆ ಮುಗಿಯುವ ತನಕ ಆಟದ ಸುದ್ದಿಯೇ ಇಲ್ಲ. ಅದೊಂದನ್ನು ನೋಡಿಯೇ ಫ್ಯಾನಿನ ನೆನಪನ್ನು ತಳ್ಳಿಹಾಕಿದೆ.

ಈಗ ಮಾವ್ಶಿ ತೀರಿಕೊಂಡು ಬಹಳ ವರ್ಷವಾಯಿತು. ಅಂಗಡಿ ಇದ್ದ ಮಹಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ, ಚಪ್ಪಲಿ ಯಾರೂ ಕಳಚುವುದಿಲ್ಲ. ಸಕ್ಸೇನ ಎಲ್ಲಿದ್ದಾನೋ. ಕಾರ್ಬನ್ನಿನ ವಾಸನೆ ಹೇಗಿತ್ತೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಲು ಹೋದರೆ ಹೋಲಿಕೆಗೆ ಏನೂ ಸಿಗುವುದಿಲ್ಲ. ಅವುಗಳ ಬಗ್ಗೆ ನನಗೆ ದುಃಖವಿಲ್ಲ. ಹೋಗಬೇಕಾದವು ಹೋದವು.

ಕಳೆದ ವರ್ಷ ನಮ್ಮ ಕಾಲೇಜಿನ ಆಫೀಸಿಗೆ ಕಾಪುವಿನ ಒಬ್ಬಳು ಕ್ಲರ್ಕ್ ಬಂದಳು. ಮಾತಿನ ನಡುವೆ ಅವಳ ಸೋದರತ್ತೆ ಹಿಂದೆ ಮಣಿಪಾಲದಲ್ಲಿ ಟೈಪಿಸ್ಟ್ ಆಗಿದ್ದರೆಂದು ತಿಳಿಯಿತು. ಅದು ವಾರಿಜಕ್ಕನೇ ಎಂದು ಖಚಿತವಾದ ಮೇಲೆ ಒಂದು ಭಾನುವಾರ ಕಾಪುವಿಗೆ ಹೋದೆ. ಕಡಲಿಗೆ ಹೋಗುವ ರಸ್ತೆಯಲ್ಲಿ ಸಣ್ಣ ತಾರಸಿ ಮನೆ. ಮುಂಬಯಿಯಿಂದ ಮರಳಿ ಬಂದು ಮಗಳ ಜೊತೆ ಸಿಗಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ವಾರಿಜಕ್ಕ ತಕ್ಷಣ ಗುರುತು ಹಿಡಿದರು.

"ಸೆವ್ರಿನ್ ಬಾಯಮ್ಮನ ಐರಿನ್ ಅಲ್ವಾ? ಅಯ್ಯೋ, ಕೂದಲೆಲ್ಲ ಬೆಳ್ಳಗಾಯಿತಲ್ಲ ನಿಂದು! ನನ್ನದು ನೋಡು, ಡೈ ಮಾಡಿದ್ದು."

ಪುನರ್ಪುಳಿ ಶರಬತ್ತು ಕೊಟ್ಟರು. ಜಗಲಿಯ ಮೇಜಿನ ಮೇಲೆ ಮಗಳ ಲ್ಯಾಪ್‌ಟಾಪ್ ಇತ್ತು, ಬಾಟಲಿಗಳಿಗೆ ಅಂಟಿಸುವ ಲೇಬಲ್ ಅದರಲ್ಲೇ ತಯಾರಾಗುವುದಂತೆ. ನೀವು ಟೈಪ್ ಮಾಡುವುದಿಲ್ಲವೇ ಎಂದು ಕೇಳಿದೆ. "ಮಗಳು ಕಲಿ ಕಲಿ ಅಂತಾಳೆ. ನಾನು ಮುಟ್ಟುದಿಲ್ಲ. ನನ್ನ ಕೈ ಅದಕ್ಕೆ ಸರಿ ಇಲ್ಲ" ಎಂದರು.

ಆಗ ಹೇಳಿದೆ. ಆಟದ ಫ್ಲಾಪಿ, ಕಂಡಕ್ಟರ್, ಕಪ್ಪಾದ ಪರದೆ, ಟೈಪ್‌ರೈಟರಿನ ಮುಂದೆ ಬಂದು ಕೂತದ್ದು, ಇಲ್ಲ ಎಂದದ್ದು. ಕ್ರಮವಾಗಿ, ಒಂದನ್ನೂ ಬಿಡದೆ. ನನ್ನ ದನಿ ಪಾಠ ಮಾಡುವ ಹಾಗೆ ಇತ್ತೆಂದು ನನಗೇ ಕೇಳಿಸಿತು.

ವಾರಿಜಕ್ಕ ಪೂರ್ತಿ ಕೇಳಿದರು. ಮತ್ತೆ ನಕ್ಕರು.

"ನೀನು ಸಣ್ಣದಿರುವಾಗಲೂ ಹೀಗೆಯೇ, ಪಾಪದ ಮಗು. ಇಷ್ಟು ದೂರ ಬಂದು ನಂಗೆ ಸಮಾಧಾನ ಮಾಡ್ತಿ."

"ಸಮಾಧಾನ ಅಲ್ಲ ವಾರಿಜಕ್ಕ. ನಾನೇ ಮಾಡಿದ್ದು."

"ಇಲ್ಲ ಮಗಾ. ನಿಂಗೆ ಆಗ ಎಷ್ಟು, ಹನ್ನೆರಡು ವರ್ಷ. ಆಟ ಆಡಿದ್ದು ಬೇರೆ ಯಾವತ್ತೋ ಇರ್ಬಹುದು. ಅವತ್ತಿನದ್ದು ನಂಗೆ ಸರಿಯಾಗಿ ನೆನಪುಂಟು. ಗಂಟೆ ಹೊಡೆಯಿತು, ನಾನು ಎದ್ದೆ, ಈ ಬೆರಳು ತಾಗಿತು. ತಾಗಿದ್ದು ಗೊತ್ತಾಯಿತು ನಂಗೆ. ಗೊತ್ತಾಗಿಯೂ ಬಾಯಮ್ಮನಿಗೆ ‘ಗೊತ್ತಿಲ್ಲ’ ಅಂದೆ. ಅದೇ ನಂಗೆ ಇಷ್ಟು ವರ್ಷ ಬೇಜಾರು. ಯಾರಿಗೂ ಹೇಳಿರ್ಲಿಲ್ಲ, ಇವತ್ತು ನಿಂಗೆ ಹೇಳಿದೆ."

ನಾನು ಮತ್ತೊಮ್ಮೆ ಹೇಳಲು ಹೊರಟೆ. ಅವರು ಕೇಳಲಿಲ್ಲ. ಮೇಜಿನ ಅಂಚಿನಲ್ಲಿ ಎಡಗೈ ಇಟ್ಟು, ಕುರ್ಚಿಯಿಂದ ಅರ್ಧ ಎದ್ದು, ಕಿರುಬೆರಳನ್ನು ತುಸು ಜಾರಿಸಿ ತೋರಿಸಿದರು. ಹೀಗೆ, ಎಂದರು. ಅದರಲ್ಲಿ ಸಂಶಯವೇ ಇರಲಿಲ್ಲ. ನಾನು ಆ ಕೋಣೆಯಲ್ಲಿ ಇಲ್ಲದಿದ್ದರೆ ಖಂಡಿತ ನಂಬುತ್ತಿದ್ದೆ. ಹನ್ನೊಂದು ಪುಟ ಅದೇ ಸಂಜೆ ಮರಳಿ ಸಿಕ್ಕಿತ್ತು. ಆ ಬೆರಳು ಯಾವ ತಪ್ಪನ್ನೂ ಮಾಡಿಲ್ಲವೆಂದು ತಿಳಿದವರು ಈಗ ನಾನೊಬ್ಬಳೇ ಉಳಿದಿದ್ದೇನೆ, ಮತ್ತು ನನ್ನ ಮಾತಿಗೆ ಎರಡನೆಯ ಆಧಾರವಿಲ್ಲ.